ಬೆನ್ನು ಕೆತ್ತಿದ ಹಲಗೆ

ಈ ಹಲಗೆಯನ್ನು ನಲವತ್ತು ರಿಯಾಲಿಗೆ ಮಾರಿದವನು ನಾನೇ, ನಾಲ್ಕು ವರ್ಷದ ಬಳಿಕ ನಾನೂರಕ್ಕೆ ಮರಳಿ ಕೊಂಡವನೂ ನಾನೇ. ಬಂಟ್ವಾಳದಿಂದ ಬರಿಗೈಯಲ್ಲಿ ಬಂದು, ದೋಹಾದಲ್ಲಿ ಪ್ಲೈವುಡ್ ಹೊತ್ತು, ಕೊನೆಗೆ ಸ್ವಂತ ಅಂಗಡಿ ಹಾಕಿದ ಮನುಷ್ಯ ಹೀಗೆ ಮಾಡಿದನೆಂದರೆ ನೀವು ನಗುತ್ತೀರಿ. ನಗಿ, ಆದರೆ ಪೂರ್ತಿ ಕೇಳಿ ನಗಿ. ಹಲಗೆಯ ಮೈತುಂಬ ಉಳಿಯ ಗಾಯ, ಅದರ ಮೇಲೆ ಮೂಲೆಯಿಂದ ಮೂಲೆಗೆ ಚಾಕುವಿನ ಎರಡು ಸೀಳು. ಯಾವ ಬಡಗಿಯೂ ಇದನ್ನು ಪುಕ್ಕಟೆಯಾಗಿಯೂ ಒಯ್ಯಲಾರ.

ವಿಶ್ವಕಪ್ಪಿಗೆಂದು ಮರಳುಗಾಡಿನ ಮೇಲೆ ಕಾಂಕ್ರೀಟು ಏಳುತ್ತಿದ್ದ ವರ್ಷಗಳವು. ಸೆಂಟ್ರಿಂಗಿಗೆ ಲಾರಿ ಲೆಕ್ಕದಲ್ಲಿ ಮಾಲು ಹೋಗುತ್ತಿದ್ದ ನನ್ನ ಅಂಗಡಿಗೆ ಒಂದೇ ಒಂದು ಹಲಗೆಗಾಗಿ ಬಂದವರು ಆ ಜಪಾನಿ ಅಜ್ಜ. ಒಂದೊಂದನ್ನೂ ಕಣ್ಣಿಗೆ ಹತ್ತಿರ ಹಿಡಿದು, ಉಗುರಿನಿಂದ ಗೀರಿ ನೋಡಿ, ಹೇಳಿದ ಬೆಲೆಯನ್ನು ಹಾಗೆಯೇ ಕೊಟ್ಟರು. ಚೌಕಾಸಿ ಮಾಡದ ಗಿರಾಕಿಯನ್ನು ನಾನು ನಂಬುವವನಲ್ಲ. ಹಲಗೆ ಮುಟ್ಟಿಸುವ ನೆಪದಲ್ಲಿ ಅಲ್ ಅಜೀಜಿಯಾದ ಅವರ ಮನೆಗೆ ನಾನೇ ಹೋದೆ. ರಾಸ್ ಲಫಾನಿನ ಗ್ಯಾಸ್ ಸ್ಥಾವರದಲ್ಲಿ ಇಂಜಿನಿಯರಾಗಿದ್ದ ಮಗಳ ಮನೆಯದು. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಗೋದಾಮಿನ ಮಾಲು, ಕಡಿಮೆ ಬಿದ್ದಲ್ಲಿ ನಾಲ್ಕು ಅರಬಿ ಶಬ್ದ ಸೇರಿಸಿಕೊಂಡೆವು.

ಮೀನುಗಾರರ ಊರಿನಲ್ಲಿ ಹುಟ್ಟಿ, ಹರೆಯದಲ್ಲಿ ಗೋಡೆಯಗಲದ ಎಣ್ಣೆಬಣ್ಣದ ಚಿತ್ರಗಳನ್ನು ಬರೆದು, ಕೊಳ್ಳುವವರಿಲ್ಲದೆ ಡ್ರಾಯಿಂಗ್ ಮೇಷ್ಟ್ರಾಗಿ, ಮದುವೆಯ ನಂತರ ಮರದ ಅಚ್ಚಿಗೆ ಕೈಹಾಕಿದವರು ಅವರು. ಕೆತ್ತುವುದು ಇವರು, ಒತ್ತುವುದು ಹೆಂಡತಿ. ಮಸಿ ಹಚ್ಚಿದ ಹಲಗೆಯ ಮೇಲೆ ಒದ್ದೆ ಕಾಗದ ಹಾಸಿ, ಬಿದಿರಿನ ಸಿಪ್ಪೆ ಸುತ್ತಿದ ದುಂಡನೆಯ ಬಿಲ್ಲೆಯಿಂದ, ಮಗುವಿನ ಬೆನ್ನುಜ್ಜಿದ ಹಾಗೆ, ಉಜ್ಜಿ ಉಜ್ಜಿ ಚಿತ್ರವನ್ನು ಎಬ್ಬಿಸುವ ಕೆಲಸ. ಆಕೆ ತೀರಿಕೊಂಡ ಮೇಲೆ ಅಜ್ಜ ಒಂದನ್ನೂ ಒತ್ತಿರಲಿಲ್ಲ. ಈಗ ಕಣ್ಣು ಹೋಗುತ್ತಿತ್ತು, ಡಾಕ್ಟರು ಕೈಚೆಲ್ಲಿದ್ದರು. ಪೂರ್ತಿ ಕತ್ತಲಾಗುವ ಮೊದಲು ಹೆಂಡತಿಯದೊಂದು ಚಿತ್ರ ಮುಗಿಯಬೇಕು, ಅದೊಂದೇ ಆಸೆ. ನನ್ನ ಹಲಗೆಯ ಮೇಲೆ ಅವರು ಎಳೆದ ಗೆರೆಗಳಲ್ಲಿ ಆಕೆ ಅಚ್ಚಾದ ಹಾಳೆಗಳನ್ನು ಹಗ್ಗಕ್ಕೆ ಹಾಕುತ್ತ, ನಮಗೆ ಬೆನ್ನು ಮಾಡಿ ನಿಂತಿದ್ದಳು.

“ಮುಖ ಯಾಕಿಲ್ಲ ಅಜ್ಜಾ?”

“ಮುಖ ಫೋಟೋದಲ್ಲಿ ಉಂಟು. ಬೆನ್ನು ನನಗೊಬ್ಬನಿಗೇ ಗೊತ್ತು.”

ಆ ಒಂದು ಬೆನ್ನಿಗೆ ನಾಲ್ಕು ವರ್ಷ ಹಿಡಿಯಿತು. ಬೇಸರವಾದಾಗ ಅಜ್ಜ ನನ್ನ ಅಂಗಡಿಗೆ ಬಂದು ಕೂತು, ನಾನು ಕಂಟ್ರಾಕ್ಟರುಗಳ ಜೊತೆ ಬೆಲೆಗಾಗಿ ಎಳೆದಾಡುವುದನ್ನು ಕೇಳಿಸಿಕೊಳ್ಳುತ್ತಿದ್ದರು. ಕೊನೆಗೆ, ಆಗಸ್ಟಿನ ಬೆವರುಗಾಳಿಗೆ ನಾವೆಲ್ಲ ಶಾಪ ಹಾಕುತ್ತಿದ್ದಾಗ, ಕಾಗದ ಒಣಗದಿರಲು ಅದೇ ತೇವ ಬೇಕೆಂದು ಎ.ಸಿ. ಆರಿಸಿ ನನ್ನನ್ನು ಕರೆಸಿದರು. ಹಲಗೆಯ ಮೂಲೆಯಲ್ಲಿ ಕೊರೆದ ಗುರುತಿಗೆ ಕಾಗದದ ಅಂಚು ಕೂರಿಸುವಷ್ಟು ನೋಟವೂ ಅವರಲ್ಲಿ ಉಳಿದಿರಲಿಲ್ಲ. ನಾನು ಕೂರಿಸಿದೆ, ಅವರು ಹೆಂಡತಿಯ ಬಿಲ್ಲೆ ಹಿಡಿದು ಒತ್ತಿದರು. ಕೆಲವು ಹಾಳೆ ಕೆಟ್ಟವು, ಒಂದು ಬಂತು.

“ಕತ್ತಿನ ಹತ್ತಿರ ಒಂದು ಕೂದಲೆಳೆ?”

“ಉಂಟು ಅಜ್ಜಾ.”

ಅಷ್ಟು ಕೇಳಿದ್ದೇ ಚಾಕು ತೆಗೆದು, ಇನ್ನೊಂದು ಹಾಳೆ ಒತ್ತಲಾಗದಂತೆ, ಹಲಗೆಯ ಮೈಯನ್ನು ಮೂಲೆಯಿಂದ ಮೂಲೆಗೆ ಎರಡು ಸಲ ಸೀಳಿಬಿಟ್ಟರು. ನಾನು ಕೂಗಿಕೊಂಡೆ: “ಅಯ್ಯೋ ಅಜ್ಜಾ! ನವೆಂಬರಿಗೆ ಲೋಕವೇ ಇಲ್ಲಿಗೆ ಬರ್ತದೆ, ನೂರು ಒತ್ತುವಾ, ಮಾರುವುದು ನನಗೆ ಬಿಡಿ!”

“ನೋಡಲಾರದವನು ಸಹಿ ಹಾಕಬಾರದು. ಖಲಾಸ್.”

ಹಾಗಾದರೆ ಹಲಗೆಯನ್ನಾದರೂ ಕೊಡಿ ಎಂದೆ. ನಾನೂರು ಎಂದರು. ನಲವತ್ತರ ಮಾಲು, ಅದೂ ಕೆಟ್ಟದ್ದು ಎಂದು ನೂರಕ್ಕೆ ಕೇಳಿದೆ, ಇನ್ನೂರಕ್ಕೆ ಕೇಳಿದೆ, ಎದ್ದು ಬಾಗಿಲವರೆಗೆ ಹೋಗಿಯೂ ನೋಡಿದೆ. ಅಜ್ಜ ಅಲುಗಲಿಲ್ಲ. “ಪುಕ್ಕಟೆ ಕೊಟ್ಟರೆ ನೀನು ಇದನ್ನು ಫ್ರಿಜ್ಜಿನ ಅಡಿಗೆ ಇಡ್ತಿ. ನಾನೂರು ಕೊಟ್ಟರೆ ಗೋಡೆಗೆ ಹಾಕ್ತಿ.” ನನ್ನ ಅಂಗಡಿಯಲ್ಲಿ ಕೂತು ಕಲಿತ ವಿದ್ಯೆಯನ್ನು ನನ್ನ ಮೇಲೆಯೇ ಪ್ರಯೋಗಿಸಿದರು.

ಆಟ ಶುರುವಾಗುವ ಮೊದಲೇ ಮಗಳ ಕೆಲಸದ ಅವಧಿ ಮುಗಿದು ಇಬ್ಬರೂ ಆ ಒಂದು ಹಾಳೆಯೊಂದಿಗೆ ಹೊರಟುಹೋದರು. ಗದ್ದಲ ಬಂತು, ಹೋಯಿತು. ನನ್ನ ಗೋದಾಮಿನಲ್ಲಿ ಮಾಲು ಧೂಳು ತಿನ್ನತೊಡಗಿದ ದಿನಗಳಲ್ಲಿ, ಅಜ್ಜ ತೀರಿಹೋದರೆಂದು ಮಗಳ ಸಂದೇಶ ಬಂತು. ಕೊನೆಕೊನೆಗೆ ಆ ಹಾಳೆಯನ್ನು ಬೆರಳಿನಿಂದ ಸವರುತ್ತಿದ್ದರಂತೆ. ಕಾಗದದಲ್ಲಿ ಬೆರಳಿಗೆ ಸಿಗುವುದೇನು? ಸಿಗುವುದೆಲ್ಲ ಅಲ್ ಥುಮಾಮಾದ ನನ್ನ ಕೋಣೆಯ ಗೋಡೆಯಲ್ಲಿತ್ತು.

ಒಂದು ಶುಕ್ರವಾರ ಆ ಉಬ್ಬಿನ ಮೇಲೆ ಕೈಯಾಡಿಸುತ್ತ, ಊರಲ್ಲಿರುವ ನನ್ನ ಹೆಂಡತಿ ಬಟ್ಟೆ ಒಣಹಾಕುವಾಗ ಹೇಗೆ ನಿಲ್ಲುತ್ತಾಳೆಂದು ನೆನೆಯಹೊರಟೆ. ಬರಲಿಲ್ಲ. ಇಷ್ಟು ವರ್ಷ ದಿನಾ ವಿಡಿಯೊ ಕಾಲಿನಲ್ಲಿ ನೋಡಿದ್ದು ಮುಖವನ್ನೇ, ಅದೂ ಹಣೆ ಅರ್ಧ ಕತ್ತರಿಸಿದ ಮುಖವನ್ನು. ಕೂಡಲೇ ಫೋನು ಮಾಡಿ, ಸ್ವಲ್ಪ ತಿರುಗಿ ನಿಲ್ಲು ಎಂದೆ.

“ಬೆನ್ನು ನೋಡ್ಲಿಕ್ಕೆ ಫೋನು ಮಾಡಿದ್ದಾ? ನಿಮಗೆ ಮರ್ಲುಂಟಾ? ನನಗೆ ಬಟ್ಟೆ ಹಾಕ್ಲಿಕ್ಕುಂಟು!” ಎಂದು ಬೈದು, ಫೋನನ್ನು ಕಿಟಕಿಗೆ ಒರಗಿಸಿ ಅಂಗಳಕ್ಕೆ ನಡೆದಳು. ಎಡ ಭುಜ ಜಗ್ಗಿತ್ತು. ಯಾವಾಗಿನಿಂದಲೋ ಗೊತ್ತಿಲ್ಲ, ಕೊನೆಯ ಬಟ್ಟೆಯವರೆಗೂ ನೋಡುತ್ತ ಕೂತೆ.

ಆದ್ದರಿಂದ ಗೆಳೆಯರೇ, ಇಂಥ ಹಲಗೆ ಸಿಕ್ಕಿದರೆ ಎ.ಸಿ.ಯ ಎದುರು ತೂಗುಹಾಕಬೇಡಿ, ಬಿರಿಯುತ್ತದೆ. ಸೀಳಿದ ಅಚ್ಚು ಕೆಟ್ಟ ಮಾಲೆಂದು ಬಿಟ್ಟುಬರಬೇಡಿ. ಊರಿಗೆ ಫೋನು ಮಾಡಿದರೆ ಮಾತಿಗೆ ಎಳೆಯಬೇಡಿ, ಫೋನನ್ನು ಎಲ್ಲಿಗಾದರೂ ಒರಗಿಸಿ ಅವರವರ ಕೆಲಸಕ್ಕೆ ಹೋಗಲು ಹೇಳಿ, ನೀವು ಸುಮ್ಮನೆ ನೋಡುತ್ತಿರಿ. ಡೇಟಾ ಪ್ಯಾಕು ದೊಡ್ಡದೇ ಕೊಳ್ಳಿ. ಅದೊಂದರಲ್ಲಿ ಚೌಕಾಸಿ ಬೇಡ.