ಬಾನೆಟ್ ಮೇಲಿನ ಭಂಡಾರ

ಜೋಳ ಹಸನು ಮಾಡಿ, ರೊಟ್ಟಿ ಬಡಿದು, ಚಳಿಯಲ್ಲೇ ಯಜಮಾನರ ಜೊತೆ ನಮ್ಮ ಬಿಳಿ ಕಾರು ತೊಳೆದೆ. ಮಧ್ಯಾಹ್ನ ಅದನ್ನು ಕೊಳ್ಳಲು ಗಲಗಲಿಯ ಹಿರಿಯರೊಬ್ಬರು ಬರುವವರಿದ್ದರು. ಚಳಿಗೆ ಗಟ್ಟಿಯಾಗಿದ್ದ ಪಾಲಿಶ್ ಮೇಣವನ್ನು ಬಿಸಿನೀರಿನಲ್ಲಿಟ್ಟು ಮೆತ್ತಗಾಗಿಸಿ, ಕೈಗೆ ಸಿಕ್ಕ ಬಟ್ಟೆಯಿಂದ ತಿಕ್ಕಿದೆ. ಬಾನೆಟ್ ಹಳದಿಯಾಯಿತು! ಅದು ಬೀರಪ್ಪನ ಗುಡಿಯಿಂದ ಭಂಡಾರದ ಅರಿಶಿನಪುಡಿ ಕಟ್ಟಿ ತಂದಿದ್ದ ಬಟ್ಟೆ.

“ಕಾರಿಗೆ ಅರಿಷಿಣ ಹಚ್ಚಿ ಮದಿಮಗಳ ಮಾಡಿದಿ ನೋಡು. ಇನ್ಯಾರ ತಗೋತಾರ ಇದನ್ನ?” ಯಜಮಾನರು ತಲೆ ಹಿಡಿದುಕೊಂಡರು. ತಿಕ್ಕಿದಷ್ಟೂ ಹಳದಿ ಹರಡಿತೇ ಹೊರತು ಹೋಗಲಿಲ್ಲ.

ಬಂದ ಹಿರಿಯರು ಬಾನೆಟ್ ಸವರಿ, ಮೂಸಿ, ಬೆರಳನ್ನು ಹಣೆಗೆ ಒತ್ತಿಕೊಂಡರು. “ಬೀರಪ್ಪನ ಭಂಡಾರ ಏನ್ರೀ ಅಕ್ಕಾರ? ತಿಕ್ಕಬ್ಯಾಡ್ರಿ. ಇದ್ದಂಗ ಒಯ್ತೀನಿ.”

ರಾತ್ರಿ ರೊಟ್ಟಿ, ಪುಂಡಿಪಲ್ಯ ಉಂಡೆವು. ಯಜಮಾನರು ಮೊದಲು ಮಲಗಿದರು. ನಾನು ಆ ಬಟ್ಟೆಯನ್ನು ತೊಳೆಯದೆ ದೇವರ ಮಾಡದಲ್ಲಿಟ್ಟು ಮಲಗಿದೆ.