ಹಳೆ ಬೀದಿಯ ಕಾರ್ಡೂ ಹಲ್ಲಿನ ಡಾಕ್ಟರ ಕಿಟಕಿಯೂ

ಟೈಪಿಂಗ್ ಮೇಡಂ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಒಂದು ತಲೆಮಾರಿನ ಮಕ್ಕಳ ಬೆರಳು ಪಳಗಿಸಿದ ಅವರು, ಟೈಪಿಂಗ್ ಯಂತ್ರಗಳೇ ಗುಜರಿಗೆ ಹೋದ ಮೇಲೆ ಶಾಲೆಗೆ ಬೀಗ ಜಡಿದು ಮನೆಯಲ್ಲಿ ಕೂತರು. ಕೂತವರನ್ನು ಮತ್ತೆ ಎಬ್ಬಿಸಿದ್ದು ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಒಂದು ಚಿತ್ರದ ಪೋಸ್ಟ್‌ಕಾರ್ಡು. ಕಂದುಗಟ್ಟಿದ ಆ ಚಿತ್ರದಲ್ಲಿದ್ದದ್ದು ಅವರದೇ ಬೀದಿ, ಅಜ್ಜನ ಕಾಲದ್ದು. ಕುದುರೆ ಗಾಡಿ, ಕಂಬಕ್ಕೆ ಒರಗಿ ಆಕಳಿಸುತ್ತಿದ್ದ ಒಬ್ಬ ಆಸಾಮಿ, ತುದಿಯಲ್ಲಿ ಗಡಿಯಾರದ ಗೋಪುರ.

ಅಲ್ಲಿಂದ ಶುರುವಾಯಿತು ಹುಚ್ಚು. ಇಂಥ ಕಾರ್ಡುಗಳನ್ನು ಹುಡುಕಿ ತರುವುದು, ಫೋಟೋ ತೆಗೆದವನು ನಿಂತಿದ್ದ ಜಾಗದಲ್ಲೇ ನಿಂತು ಈಗಿನ ಬೀದಿಯನ್ನು ಹೋಲಿಸಿ ನೋಡುವುದು. ಒಂದು ಕಾರ್ಡನ್ನು ಕಣ್ಣೆದುರು ಹಿಡಿದು ಹಿಂದೆ ಹಿಂದೆ ಸರಿಯುತ್ತ ಹೋದ ಮೇಡಂ, ತಳ್ಳುಗಾಡಿಯ ಟೊಮೆಟೊ ರಾಶಿಯ ಮೇಲೆ ಕೂತೇಬಿಟ್ಟರು.

"ಅಕ್ಕಾ, ಮುಂದೆ ಹೋಗೋರು ಎಡವಿ ಬೀಳೋದು ನೋಡಿದೀನಿ. ನಿನ್ ಥರ ಹಿಂದೆ ಹೋಗಿ ಬಿದ್ದೋರನ್ನ ನೋಡಿಲ್ಲಪ್ಪ!" ಎಂದು ಜೊತೆಗೆ ಬಂದಿದ್ದ ತಂಗಿ ತಲೆ ಚಚ್ಚಿಕೊಂಡಳು.

ಆದರೆ ಆ ಮೊದಲನೇ ಕಾರ್ಡಿನ ಜಾಗ ಮಾತ್ರ ಸುಲಭಕ್ಕೆ ಸಿಗಲಿಲ್ಲ. ಅದನ್ನು ತೆಗೆದದ್ದು ಎತ್ತರದಿಂದ. ಅಳೆದು ಸುರಿದು ನೋಡಿದರೆ ಆ ಜಾಗ ಬೀದಿ ಮೂಲೆಯ ಮಹಡಿಯ ಕಿಟಕಿ. ಅಲ್ಲೀಗ ಹಲ್ಲಿನ ಆಸ್ಪತ್ರೆ.

"ಅಪಾಯಿಂಟ್‌ಮೆಂಟ್ ಇದ್ಯಾ?" ಎಂದಳು ಮೇಜಿನ ಹಿಂದಿದ್ದವಳು.

"ಹಲ್ಲು ತೋರ್ಸೋಕೆ ಬಂದಿಲ್ಲಮ್ಮ. ನಿಮ್ಮ ಕಿಟಕಿ ನೋಡ್ಬೇಕಿತ್ತು."

"ಇಲ್ಲಿ ಹಲ್ಲು ಮಾತ್ರ ನೋಡೋದು ಮೇಡಂ."

ಸರಿ, ಹಲ್ಲೇ ಆಗಲಿ ಎಂದು ಮೇಡಂ ಹೆಸರು ಬರೆಸಿದರು. ಒಳಗೆ ಹೋದರೆ ಕುರ್ಚಿ ಕಿಟಕಿಗೆ ಬೆನ್ನು ಮಾಡಿ ಕೂತಿದೆ! ಡಾಕ್ಟರು ಬಾಯಿಗೆ ಕೈ ಹಾಕಿದ್ದೇ ತಡ, ಮೇಡಂ ಕಾರ್ಡು ಎತ್ತಿ ಹಿಡಿದು ಕಿಟಕಿಯತ್ತ ಕತ್ತು ತಿರುಗಿಸುತ್ತ "ಆ... ಊ..." ಎಂದು ವಿವರಿಸತೊಡಗಿದರು. ನೋವೆಂದುಕೊಂಡ ಡಾಕ್ಟರು ಆ ಕಡೆಯ ದವಡೆಯನ್ನು ತಟ್ಟಿ ನೋಡಿದರು.

"ಇದು ಪೂರ್ತಿ ಹುಳುಕು. ಕೀಳ್ಲೇಬೇಕು."

"ಕೀಳಿ ಡಾಕ್ಟ್ರೇ. ಆಮೇಲೆ ಒಂದ್ ಗಳಿಗೆ ಕಿಟಕಿ ಹತ್ರ ಬಿಡಿ."

ಹಲ್ಲು ಬಂತು. ಮೇಡಂ ಬಾಯಿಗೆ ಹತ್ತಿ ಕಚ್ಚಿಕೊಂಡು ಕಿಟಕಿಗೆ ಓಡಿದರು. ಕಾರ್ಡು ಎತ್ತಿ ಹಿಡಿದರೆ ಗೋಪುರಕ್ಕೆ ಗೋಪುರ, ತಿರುವಿಗೆ ತಿರುವು ಕೂಡಿ ಬಂದವು. ಮೊಬೈಲ್ ಅಂಗಡಿಯ ಬೋರ್ಡಿನ ಮೇಲೆ ಹಳೆಯ ಕಮಾನುಗಳು ಇನ್ನೂ ಇಣುಕುತ್ತಿದ್ದವು. ಮೇಡಂ ಕಣ್ಣಲ್ಲಿ ನೀರು. ಡಾಕ್ಟರು ಮತ್ತೆ ನೋವೆಂದುಕೊಂಡು ಹತ್ತಿರ ಬಂದರು, ಕಾರ್ಡು ಕಂಡು ತಾವೂ ಬಗ್ಗಿದರು. ಹಲ್ಲು ನೋಡಲು ಹಾಕಿದ್ದ ಭೂತಕನ್ನಡಿ ಮೂಗಿನ ಮೇಲೇ ಇತ್ತು. ಕಾರ್ಡಿನಲ್ಲಿ ಎದುರು ಸಾಲಿಗಿದ್ದ ಕ್ಷೌರದ ಅಂಗಡಿಯ ಬೋರ್ಡನ್ನು ಗಟ್ಟಿಯಾಗಿ ಓದಿಯೇಬಿಟ್ಟರು:

"ಕೂದಲು ಕತ್ತರಿಸಿ, ಹಲ್ಲು ಕೀಳಲಾಗುವುದು."

ಡಾಕ್ಟರ ಮುಖ ಇಳಿದುಹೋಯಿತು. ಕೆಳಗೆ ಬಾಗಿಲ ಮೇಲೆ 'ಈ ಬೀದಿಯ ಮೊಟ್ಟಮೊದಲ ದಂತವೈದ್ಯರು' ಎಂದು ಅವರೇ ಬರೆಸಿದ್ದರು.

"ಯಾರ್ರೀ ಇವ್ನು?"

ಮೇಡಂಗೆ ಹೇಳಲು ಬೇಕಾದಷ್ಟಿತ್ತು. ಬಾಯಲ್ಲಿ ಹತ್ತಿ. ಕೈಸನ್ನೆ ಮಾಡಹೋಗಿ, ನಗು ಬಂದು, ಹತ್ತಿ ಉದುರಿ, ಡಾಕ್ಟರೂ ನಕ್ಕುಬಿಟ್ಟರು.

ಮರುವಾರ ಬೋರ್ಡಿನಲ್ಲಿ 'ಮೊಟ್ಟಮೊದಲ' ಹೋಗಿ 'ಪದವಿ ಪಡೆದ' ಬಂತು. ಕಾರ್ಡಿನ ಚಿತ್ರ ದೊಡ್ಡದಾಗಿ ಕುರ್ಚಿಯ ನೇರಕ್ಕೆ ಚಾವಣಿ ಸೇರಿತು. ಬಿಡುವಾದಾಗ ಮೇಡಂ ಹೋಗಿ ಪಕ್ಕದಲ್ಲಿ ನಿಂತು ಬೀದಿಯ ಕಥೆ ಹೇಳುತ್ತಾರೆ. ರೋಗಿಗಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಬೇರೆ ದಾರಿಯೂ ಇಲ್ಲ.

ಈಚೆಗೆ ಇನ್ನೊಂದು ಕಾರ್ಡು ಸಿಕ್ಕಿದೆ. ಅದನ್ನು ತೆಗೆದ ಜಾಗ ಈಗ ಪೊಲೀಸ್ ಠಾಣೆಯ ಲಾಕಪ್ಪು.

"ಅಕ್ಕಾ, ಅಲ್ಲಿಗೆ ಹೋಗೋಕೆ ಹಲ್ಲು ಕೀಳಿಸ್ಕೊಂಡ್ರೆ ಸಾಲ್ದು, ಯಾರದಾದ್ರೂ ಸರ ಕಿತ್ಕೋಬೇಕಾಗತ್ತೆ!" ಎಂದಳು ತಂಗಿ.

ಮೇಡಂ ಅವಳ ಕೊರಳನ್ನೇ ನೋಡಿದರು. "ನಿಂದೇ ಕೊಡೆ. ದೂರು ಕೊಡೋ ನೆಪದಲ್ಲಿ ನೀನೂ ಬಂದು ನೋಡ್ಬಹುದು."