ಮೂವರು ಜೇಮ್ಸ್ ಮೇರ್‌ಗಳು ಮತ್ತು ಫೀಮಿಯ ಕುಂಚ

ಬೆಳಗಿನ ಐದೂವರೆ. ಸ್ಕಾರ್ವಿ ಬಂದರಿನ ಒಳಗೋಡೆಗೆ ಒರಗಿಸಿದ ಏಣಿಯ ನಾಲ್ಕನೇ ಮೆಟ್ಟಿಲ ಮೇಲೆ ಫೀಮಿ ಮೇರ್ ನಿಂತಿದ್ದಾರೆ. ವಯಸ್ಸು ಎಪ್ಪತ್ತೆರಡು. ತಲೆಗೆ ಉಣ್ಣೆಯ ಟೋಪಿ, ಕೈಯಲ್ಲಿ ಕಿರುಬೆರಳಿಗಿಂತ ಸಣ್ಣ ಕುಂಚ. ಸಮುದ್ರದ ನೀರು ಇಳಿದಾಗ ಮಾತ್ರ ಇಲ್ಲಿ ಏಣಿ ಊರಲು ಜಾಗ ಸಿಗುತ್ತದೆ, ಅದಕ್ಕೇ ಈ ಅವೇಳೆ. ಏಣಿಯ ಬುಡ ಹಿಡಿಯುವ ಕೆಲಸ ಇವತ್ತು ನನ್ನ ಪಾಲಿಗೆ ಬಂದಿದೆ.

"ಗಟ್ಟಿಯಾಗಿ ಹಿಡ್ಕೊಳ್ಳೇ, ಕೊಡೆ! ನಾನು ಬಿದ್ರೆ ಈ ಗೋಡೆ ಮೇಲೆ ನನ್ನ ಹೆಸರು ಬರ್ಯೋಕೂ ಯಾರೂ ಇಲ್ಲ," ಎಂದು ಮೇಲಿನಿಂದ ಗದರುತ್ತಾರೆ.

ಕೊಡೆ ಎಂದರೆ ನಾನೇ. ಇಪ್ಪತ್ತೆರಡು ವರ್ಷದ ಹಿಂದೆ ಈ ಊರಿಗೆ ಬಂದ ಮೊದಲ ವಾರ, ಇಲ್ಲಿನ ಗಾಳಿಯ ಅಂದಾಜಿಲ್ಲದೆ ಬಂದರಿನಲ್ಲಿ ಕೊಡೆ ಬಿಚ್ಚಿದ್ದೆ. ಅದು ಹಾರಿ ಸಮುದ್ರದ ಪಾಲಾಯಿತು, ಹೆಸರು ನನಗೆ ಅಂಟಿಕೊಂಡಿತು. ಅಡ್ಡಹೆಸರಿಲ್ಲದೆ ಸ್ಕಾರ್ವಿಯಲ್ಲಿ ಬಾಳುವುದು ಕಷ್ಟ. ಊರಿನ ಅರ್ಧ ಜನ ಮೇರ್‌ಗಳು, ಇನ್ನರ್ಧ ಫ್ಲೆಟ್‌ಗಳು. ತಾತನ ಹೆಸರನ್ನು ಮೊಮ್ಮಗನಿಗೆ ಇಟ್ಟೇ ಇಡುತ್ತಾರೆ, ಹಾಗಾಗಿ ಬೀದಿಗಿಬ್ಬರು ಜೇಮ್ಸ್ ಮೇರ್. ಒಬ್ಬ 'ಶೇವಿ' ಆದರೆ ಇನ್ನೊಬ್ಬ 'ಬೋಸಿ', ಮತ್ತೊಬ್ಬ 'ಲ್ಯಾಟಿನ್'. ಅಪ್ಪನ ಅಡ್ಡಹೆಸರು ಮಕ್ಕಳಿಗೂ ಇಳಿದು ಬರುತ್ತದೆ. ಫೀಮಿ ಶೇವಿ ಮನೆತನದವರು.

ಈ ಗೋಡೆಯ ಮೇಲಿರುವುದು ಸಮುದ್ರಕ್ಕೆ ಹೋಗಿ ಹಿಂತಿರುಗದ ತೊಂಬತ್ತನಾಲ್ಕು ಗಂಡಸರ ಹೆಸರು, ಅಡ್ಡಹೆಸರಿನ ಸಮೇತ. ಉಪ್ಪುಗಾಳಿ ಒಂದೇ ಚಳಿಗಾಲದಲ್ಲಿ ಬಣ್ಣವನ್ನು ತಿಂದುಹಾಕುತ್ತದೆ. ಮೇ ತಿಂಗಳ ಮೊದಲ ಭಾನುವಾರ ದೋಣಿಗಳಿಗೆಲ್ಲ ಬಾವುಟ ಕಟ್ಟಿ, ಪಾದ್ರಿಗಳು ಈ ಹೆಸರುಗಳನ್ನು ಓದುತ್ತಾರೆ. ಅಷ್ಟರೊಳಗೆ ಅಷ್ಟೂ ಹೆಸರು ಮತ್ತೆ ಬೆಳ್ಳಗಾಗಬೇಕು. ಒಣ ಹವೆಯಿದ್ದರೆ ದಿನಕ್ಕೆ ಆರು ಹೆಸರು, ಮಂಜು ಮುಸುಕಿದರೆ ಒಂದೂ ಇಲ್ಲ. ನಲವತ್ತೊಂದು ವರ್ಷದಿಂದ ಇದನ್ನು ಫೀಮಿಯೊಬ್ಬರೇ ಮಾಡುತ್ತಿದ್ದಾರೆ.

ಅವರ ಅಪ್ಪ ಜೇಮ್ಸ್ ಮೇರ್ 'ಶೇವಿ' ಮೀನುಗಾರ, ಬಿಡುವಿನಲ್ಲಿ ದೋಣಿಗಳಿಗೆ ಹೆಸರು ಬರೆಯುತ್ತಿದ್ದವರು. ಫೀಮಿ ಹದಿನೈದಕ್ಕೇ ಮೀನು ಸೀಳುವ ಶೆಡ್ಡಿಗೆ ಸೇರಿದರು. ಚಾಕು ತಾಗದಿರಲೆಂದು ಬೆರಳಿಗೆಲ್ಲ ಬಟ್ಟೆಚೂರು ಸುತ್ತಿಕೊಂಡು, ಮಂಜುಗಡ್ಡೆಯ ನೀರಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದರು. ಈಗಲೂ ಚಳಿ ಹೆಚ್ಚಾದರೆ ಎಡಗೈಯ ಎರಡು ಬೆರಳು ಮಡಚುವುದಿಲ್ಲ.

"ಬಲಗೈ ಚೆನ್ನಾಗಿದ್ಯಲ್ಲ, ಸಾಕು," ಎನ್ನುತ್ತಾರೆ. "ಮೀನು ಸೀಳೀ ಸೀಳೀ ಕೈ ನಡುಗೋದು ಮರ್ತೇಹೋಯ್ತು. ಕುಂಚಕ್ಕೆ ಬೇಕಾಗಿದ್ದೂ ಅದೇ."

ಈ ಸಲ ಪಾದ್ರಿಗಳು ಎಷ್ಟು ಹೊತ್ತಿಗೆ ಬರುತ್ತಾರೆಂದು ನಾನು ಕೇಳಿಬಿಡುತ್ತೇನೆ. ಫೀಮಿ ಕುಂಚ ಎತ್ತಿ ಹಿಡಿದು ದುರುಗುಟ್ಟುತ್ತಾರೆ. ಬಂದರಿನಲ್ಲಿ 'ಪಾದ್ರಿ' ಎಂಬ ಪದ ಆಡಬಾರದು, ದೋಣಿಗಳಿಗೆ ಕೇಡಂತೆ; ಆಡಿದರೆ ಕಬ್ಬಿಣ ಮುಟ್ಟಿ ದೋಷ ಕಳೆದುಕೊಳ್ಳಬೇಕು.

"ಕರಿಕೋಟು ಅನ್ನೇ! ಇಷ್ಟು ವರ್ಷ ಆಯ್ತು, ಇನ್ನೂ ಬುದ್ಧಿ ಬಂದಿಲ್ಲ. ಮೊದ್ಲು ಕಬ್ಬಿಣ ಮುಟ್ಟು."

ಏಣಿಯನ್ನು ಒಂದು ಕೈಯಲ್ಲಿ ಹಿಡಿದು, ದೋಣಿ ಕಟ್ಟುವ ಕಬ್ಬಿಣದ ಬಳೆಯನ್ನು ಇನ್ನೊಂದು ಕೈಯಿಂದ ಮುಟ್ಟುತ್ತೇನೆ.

ಇಷ್ಟೆಲ್ಲ ಜೋಪಾನ ಮಾಡಿದ ಹೆಸರುಗಳು ಕಳೆದ ಅಕ್ಟೋಬರಿನಲ್ಲಿ ಇನ್ನೇನು ಕೈತಪ್ಪಿ ಹೋಗುವುದರಲ್ಲಿದ್ದವು. ಬಣ್ಣದ ಗೋಡೆಯ ಬದಲು ಗ್ರಾನೈಟ್ ಕಲ್ಲು ನಿಲ್ಲಿಸಲು ಬಂದರು ಸಮಿತಿ ತೀರ್ಮಾನಿಸಿತ್ತು. ಕೆತ್ತಬೇಕಾದ ಹೆಸರುಗಳ ಹಾಳೆಯನ್ನು ಊರಿನ ಸಭಾಭವನದಲ್ಲಿ ಅಂಟಿಸಿದ್ದರು. ಎಲ್ಲವೂ ಮರಣದ ರಿಜಿಸ್ಟರಿನಲ್ಲಿದ್ದ ಹಾಗೆಯೇ, ಅಡ್ಡಹೆಸರು ಒಂದೂ ಇಲ್ಲ. 1957ರ ಫೆಬ್ರವರಿಯಲ್ಲಿ ಮುಳುಗಿದ ದೋಣಿಯ ಹೆಸರಿನ ಕೆಳಗೆ ಸಾಲಾಗಿ ಮೂರು ಬಾರಿ 'ಜೇಮ್ಸ್ ಮೇರ್'.

ಆ ಫೆಬ್ರವರಿ ಫೀಮಿಗೆ ಮೂರು ವರ್ಷ. ಕಥೆಯನ್ನು ಅಮ್ಮನ ಬಾಯಿಂದ ಕೇಳಿದ್ದಾರೆ.

"ಆವತ್ತು ನಮ್ಮೂರಿನ ನಾಲ್ಕು ಜನ ಜೇಮ್ಸ್ ಮೇರ್ ಸಮುದ್ರದಲ್ಲಿದ್ರು. ಮೂವರು ಒಂದು ದೋಣೀಲಿ, ನಮ್ಮಪ್ಪ ಬೇರೆ ದೋಣೀಲಿ. ಮೂವರು ಹೋದ್ರು ಅಂತ ಸುದ್ದಿ ಬಂತು. ಪೊಲೀಸಿನೋನು ಊರಿಗೆ ಹೊಸಬ, ಅಡ್ಡಹೆಸರು ಕೇಳ್ಲಿಲ್ಲ. ಮೂರು ಬಾಗಿಲು ತಟ್ಟಿದ. ಒಂದು ನಮ್ಮದು."

ಹನ್ನೊಂದು ಗಂಟೆ ಕಾಲ ಅಮ್ಮ ವಿಧವೆಯಾಗಿ ಕೂತಿದ್ದರು. ಸಮಾಧಾನ ಹೇಳಲು ಪಕ್ಕದ ಬೀದಿಯ ಐಸಾ ಮೀನಿನ ಸೂಪು ಮಾಡಿಕೊಂಡು ಬಂದಳು. ಐಸಾ, ಬೋಸಿಯ ಹೆಂಡತಿ. ಸತ್ತದ್ದು ಅವಳ ಗಂಡ.

"ಸಂಜೆ ಅಪ್ಪ ಒಳಗೆ ಬಂದ. ಅಮ್ಮಂಗೆ ಎದ್ದು ಹೋಗಿ ತಬ್ಕೊಳ್ಳೋಕೂ ಆಗ್ಲಿಲ್ಲ. ಐಸಾ ಅವಳ ಕೈ ಹಿಡ್ಕೊಂಡು ಪಕ್ಕದಲ್ಲೇ ಕೂತಿದ್ಳಲ್ಲ." ಫೀಮಿ ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸುತ್ತಾರೆ. "ಅಡ್ಡಹೆಸರು ತಮಾಷೆಗೆ ಅಂತಾರೆ."

ಹಾಗಂದವರು ಸಮಿತಿಯ ಅಧ್ಯಕ್ಷ ಗಿಲ್ಬರ್ಟ್ ಮೇರ್. ದೋಣಿ ನಡೆಸಿ ನಿವೃತ್ತರಾದವರು, ಕೆಟ್ಟವರೇನಲ್ಲ. ಅಕ್ಟೋಬರಿನಲ್ಲಿ ಆ ಹಾಳೆಯ ಬಗ್ಗೆ ಕರೆದ ತುಂಬಿದ ಸಭೆಯಲ್ಲಿ ಎದ್ದು ನಿಂತು, "ಅಡ್ಡಹೆಸರು ಕೆತ್ತಿದ್ರೆ ಹೊರಗಿನೋರು ನಗ್ತಾರೆ, ಫೀಮಿ. ನಿನ್ನ ಬಣ್ಣ ಒಂದು ಚಳಿಗಾಲ ತಡ್ಯಲ್ಲ, ಕಲ್ಲು ಮುನ್ನೂರು ವರ್ಷ ಇರತ್ತೆ. ನೀನಿರ್ತೀಯಾ ಮುನ್ನೂರು ವರ್ಷ?" ಎಂದರು. ಸಭೆ ನಕ್ಕಿತು. ನಾನೂ ನಕ್ಕೆ, ನಾಚಿಕೆಯಾಗುತ್ತದೆ.

ಫೀಮಿ ಮಾತ್ರ ಕೂತಲ್ಲಿಂದಲೇ ಕೇಳಿದರು: "ಕಲ್ಲು ಬೇಡ ಅಂದ್ನೇನೋ ಗಿಬ್ಬಿ? ಆ ಹಾಳೆ ಹತ್ರ ಹೋಗು. ಮೂವರಲ್ಲಿ ನಿಮ್ಮಪ್ಪ ಯಾರು, ಬೆರಳಿಟ್ಟು ತೋರ್ಸು."

ಗಿಲ್ಬರ್ಟ್ ಕನ್ನಡಕ ಹಾಕಿಕೊಂಡು ಹೋದರು. ಬೆರಳು ಮೊದಲ ಹೆಸರಿನ ಮೇಲೆ ಹೋಯಿತು, ಎರಡನೆಯದಕ್ಕೆ ಇಳಿಯಿತು, ಅಲ್ಲೇ ನಿಂತುಬಿಟ್ಟಿತು. ದೋಣಿ ಮುಳುಗಿದಾಗ ಅವರು ಎಂಟು ತಿಂಗಳ ಕೂಸು, ಅಪ್ಪನ ಮುಖದ ನೆನಪಿಲ್ಲ. ಗೋಡೆಯಲ್ಲಾದರೆ ಪ್ರತಿ ಮೇ ತಿಂಗಳು ಸೀದಾ 'ಲ್ಯಾಟಿನ್' ಎಂಬ ಸಾಲಿನ ಕೆಳಗೆ ಹೋಗಿ ಟೋಪಿ ತೆಗೆದು ನಿಲ್ಲುವ ಮನುಷ್ಯ.

"ಕಲ್ಲು ಕೆತ್ತೋನಿಗೆ ಫೋನ್ ಮಾಡಿ," ಎಂದರು ಗಿಲ್ಬರ್ಟ್, ಹಾಳೆಯ ಕಡೆಗೇ ಮುಖಮಾಡಿ. "ಈ ಪಟ್ಟಿ ಬೇಡ, ಫೀಮಿ ಬರ್ದು ಕೊಡ್ತಾಳೆ ಅನ್ನಿ."

ಚಳಿಗಾಲವಿಡೀ ಮನೆಮನೆಗೆ ಹೋಗಿ ವಿಚಾರಿಸಿ, ಫೀಮಿ ತೊಂಬತ್ತನಾಲ್ಕು ಹೆಸರನ್ನೂ ತಮ್ಮ ಕೈಯಾರೆ ಬರೆದುಕೊಟ್ಟರು. ಕೆತ್ತನೆ ಅದೇ ಅಕ್ಷರಗಳ ಅಚ್ಚಿನಲ್ಲಿ ಮುಗಿದಿದೆ. ಇನ್ನು ಹನ್ನೆರಡು ದಿನಕ್ಕೆ ಕಲ್ಲು ಬರುತ್ತದೆ. ಗೋಡೆಗೆ ಬಣ್ಣ ಹಚ್ಚುವುದು ಇದೇ ಕೊನೆ. ಕಲ್ಲೇ ಬರುವಾಗ ಈ ತಾಪತ್ರಯ ಯಾಕೆ ಎಂದರೆ, "ಊರೆಲ್ಲ ಸೇರೋ ದಿನ ಇವ್ರು ಮಾಸಿದ ಬಟ್ಟೇಲಿ ನಿಂತಿರ್ಬೇಕಾ?" ಎಂದು ನನ್ನನ್ನೇ ಕೇಳುತ್ತಾರೆ.

ನೀರು ಏಣಿಯ ಬುಡಕ್ಕೆ ಬಂದಿದೆ, ನನ್ನ ಬೂಟು ನೆನೆಯುತ್ತಿದೆ. ಫೀಮಿ ಇಳಿದು ಡಬ್ಬಿ ಮುಚ್ಚುತ್ತಾರೆ. ನಲವತ್ತೊಂದು ವರ್ಷ ಹೆಸರುಗಳನ್ನು ಕಾಯ್ದವರೆಂದು ಕಲ್ಲಿನ ಬುಡದಲ್ಲಿ ಅವರದೂ ಹೆಸರು ಕೆತ್ತಿಸಲು ಸಮಿತಿ ಮುಂದಾಗಿತ್ತು. ಇವರು ಒಪ್ಪಲಿಲ್ಲ. ಯಾಕೆಂದು ಕೇಳುತ್ತೇನೆ.

"ಅದು ಮನೆಗೆ ಬರ್ದೇ ಇದ್ದೋರ ಜಾಗ ಕಣೇ," ಎನ್ನುತ್ತಾರೆ ಏಣಿಯನ್ನು ಹೆಗಲಿಗೇರಿಸಿ. "ನಾನು ದಿನಾ ಮನೆಗೆ ಹೋಗಿದೀನಿ."